ಒಂಬತ್ತು ಪದ ಕಡಿಮೆ

ಗಡಿಯಾರ ಹೊರಗಿಡಿ ಎಂದಳು ಬಾಗಿಲಲ್ಲಿ ಆ ಹುಡುಗಿ.
ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದೆ.
ಮಣಿಕಟ್ಟಿನ ಮೇಲೆ ಬಿಳಿ ಪಟ್ಟಿಯೊಂದು ಉಳಿಯಿತು,
ಹನ್ನೊಂದು ವರ್ಷ ಬಿಸಿಲು ಕಾಣದ ಚರ್ಮ.

ರುವೈಸಿನ ನಾಲ್ಕನೇ ಗೇಟಿನಲ್ಲಿ ನಾನು ಟೈಮ್‌ಕೀಪರ್.
ನಸುಕಿನ ನಾಲ್ಕೂ ನಲವತ್ತಕ್ಕೆ
ಬಸ್ಸಿಳಿದು ಬರುವ ಮುನ್ನೂರು ಹೆಲ್ಮೆಟ್ಟು
ಹತ್ತು ಹತ್ತಾಗಿ ಎಣಿಸಿ ಹಾಳೆಗೆ ಇಳಿಸುವವನು.
ಬೇರೆಯವರ ತಾಸು ಬರೆದೂ ಬರೆದೂ
ನನ್ನ ಅಕ್ಷರ ದುಂಡಗಾಗಿದೆ.

ಇಂಗ್ಲಿಷಿನಲ್ಲಿ ಆರು ತಂದರೆ ಒಳಗೆ, ಆಫೀಸಿನಲ್ಲಿ,
ತಿರುಗುವ ಕುರ್ಚಿ ಎಂದಿದ್ದರು.
ಅದಕ್ಕೇ ರಾತ್ರಿ ಬಸ್ಸು ಹತ್ತಿ ಅಬುಧಾಬಿಗೆ,
ಮದುವೆ ಮಾಡುವಂಥ ಹೋಟೆಲ್ ಹಾಲಿಗೆ.
ಗೊಂಚಲು ದೀಪದ ಕೆಳಗೆ
ಎಂಬತ್ತು ಒಂಟಿ ಮೇಜು.

ಏಲಿಯಮ್ಮ ಟೀಚರ್ ಪ್ರತಿ ಭಾನುವಾರ ಹೇಳಿದ್ದು ಇಷ್ಟೇ:
ಇಪ್ಪತ್ತು ನಿಮಿಷ ಚಿತ್ರಕ್ಕೆ, ನಲವತ್ತು ಪ್ರಬಂಧಕ್ಕೆ.
ದೊಡ್ಡದನ್ನೇ ಮೊದಲು ಬರಿ, ಅಂಕ ಅದಕ್ಕೆ ಎರಡು ಪಟ್ಟು.
ಐದು ನಿಮಿಷ ಪೆನ್ಸಿಲ್ ಮುಟ್ಟಬೇಡ, ಯೋಚಿಸು.

ಯೋಚನೆಗೆ ಐದು ನಿಮಿಷ!
ಸೈಟಿನಲ್ಲಿ ಅದನ್ನು ಯಾವ ಕಾಲಮ್ಮಿಗೆ ಹಾಕಲಿ?

ಮಾತು ಮೀರಿ ಚಿತ್ರವನ್ನೇ ಹಿಡಿದೆ, ಸಣ್ಣದಲ್ಲವೇ ಎಂದು.
ಮೂರು ದೇಶ, ಮೂರು ಗೆರೆ, ಅವರು ಕುಡಿದ ಚಹಾ.
ಒಂದು ಗೆರೆ ಏರುತ್ತದೆ, ಒಂದು ಇಳಿಯುತ್ತದೆ,
ತೊಂಬತ್ತರಲ್ಲಿ ಎರಡೂ ಒಮ್ಮೆ ಸಂಧಿಸಿ
ಮತ್ತೆ ಮುಖ ನೋಡುವುದಿಲ್ಲ.
ಅಂಕಿ ಎಂದರೆ ನನಗೆ ಆಸೆ. ಒಂದನ್ನೂ ಬಿಡಲಿಲ್ಲ.
ತಲೆಯೆತ್ತಿದರೆ ಗೋಡೆಯ ಮೇಲೆ
ಮೂವತ್ತೊಂದು ನಿಮಿಷ ಹೋಗಿತ್ತು.

ಈಗಿನ ಜನಕ್ಕೆ ಬಿಡುವು ಕಡಿಮೆ ಎನ್ನುತ್ತಾರೆ ಕೆಲವರು.
ನೀವು ಒಪ್ಪುತ್ತೀರಾ?
ನಗು ಬಂತು. ಪಕ್ಕದ ಮೇಜಿನ ಫಿಲಿಪಿನೊ ನರ್ಸ್
ತಿರುಗಿ ನೋಡಿ ಮತ್ತೆ ಬಗ್ಗಿದಳು.

ಒಪ್ಪುತ್ತೇನೆ ಎಂದು ಬರೆದೆ.
ಎರಡನೇ ಪ್ಯಾರಾಕ್ಕೆ ಉದಾಹರಣೆ ಬೇಕು.

ಉದಾಹರಣೆಗೆ, ಸೋಮಪಾಲ.
ಹೋದ ವರ್ಷ ರಂಜಾನಿಗೆ ಮುಂಚಿನ ವಾರ
ಗೇಟಿನಾಚೆ ಫೋನು ಕಿವಿಗೊತ್ತಿ ನಿಂತಿದ್ದ.
ಕೊಲಂಬೊದ ಆ ಕಡೆ ಎಲ್ಲೋ ಮಗಳು ಮಗ್ಗಿ ಒಪ್ಪಿಸುತ್ತಿದ್ದಳು,
ಇವನು ತಲೆ ಆಡಿಸುತ್ತಿದ್ದ, ಅವಳಿಗೆ ಕಾಣುತ್ತದೆ ಎಂಬಂತೆ.
ನಾಲ್ಕೇ ನಿಮಿಷ ತಡ.
ನಾಲ್ಕಾದರೂ ಅರ್ಧ ತಾಸು ಕಡಿತ, ನಿಯಮ ಹಾಗಿದೆ.
ನಾನೇ ಕಡಿದೆ, ದುಂಡಗಿನ ಅಕ್ಷರದಲ್ಲಿ.
ಅವನು ಕೈ ಮುಗಿಯಲಿಲ್ಲ, ಬೈಯಲಿಲ್ಲ.
ಹೆಲ್ಮೆಟ್ಟಿನ ಪಟ್ಟಿ ಬಿಗಿಮಾಡುತ್ತ
ಮುರುಕು ಹಿಂದಿಯಲ್ಲಿ ಏನೋ ಅಂದು ಒಳಗೆ ಹೋದ.

ಅದನ್ನು ಇಂಗ್ಲಿಷಿಗೆ ತರಲು ಹೊರಟೆ.
ಕಡಿತಕ್ಕೆ ಪದ ಸಿಕ್ಕಿತು, ಸ್ಪೆಲಿಂಗ್ ಸಿಗಲಿಲ್ಲ.
ರಬ್ಬರಿನಿಂದ ಉಜ್ಜಿ ಉಜ್ಜಿ
ಹಾಳೆಯೊಳಗಿಂದ ಮೇಜು ಕಾಣತೊಡಗಿತು.

ಐದು ನಿಮಿಷ, ಎಂದಿತು ಒಂದು ಧ್ವನಿ.
ಎಣಿಸಿದೆ, ಸಾಲಿಗೆ ಹತ್ತು ತಲೆ:
ನೂರ ಎಂಬತ್ತು.
ಆಮೇಲೆ ಬಂದವೆಲ್ಲ
ಕೊನೆಯ ಬಸ್ಸಿಗೆ ನುಗ್ಗುವವರ ಹಾಗೆ ಬಂದವು,
ಚಪ್ಪಲಿ ಕಳೆದುಕೊಂಡು, ಒಂದರ ತೋಳು ಇನ್ನೊಂದು ಜಗ್ಗಿ,
ಯಾರದು ಯಾರ ಪ್ರತ್ಯಯವೋ.

ನಿಲ್ಲಿಸಿ.

ಹಾಳೆಯ ಆ ಅಂಚು ಅವಳ ಬೆರಳಲ್ಲಿ, ಈ ಅಂಚು ನನ್ನದರಲ್ಲಿ.
ಸಾರಿ ಸರ್, ಎಂದಳು. ಒಳ್ಳೆಯ ಹೆಂಗಸು.
ಗೇಟಿನಲ್ಲಿ ನಾನೂ ಹೀಗೇ ಸಾರಿ ಅನ್ನುತ್ತೇನೆ.
ಬಿಡುವ ಮುನ್ನ ಕಣ್ಣಲ್ಲೇ ಎಣಿಸಿದೆ, ಚಟ ನೋಡಿ,
ಇನ್ನೂರ ನಲವತ್ತೊಂದು.
ಬೇಕಾದದ್ದು ಇನ್ನೂರ ಐವತ್ತು.

ವಾಪಸು ಬಸ್ಸು. ತರೀಫ್ ದಾಟಿದ ಮೇಲೆ
ಗಾಜಿಗೆ ಮರಳು ತಾಗುವ ಸದ್ದು.
ತಪ್ಪಿಸಿಕೊಂಡ ಒಂಬತ್ತನ್ನು ಬೆರಳು ಮಡಚಿ ಹುಡುಕಿದೆ.
ಸಿಕ್ಕವು, ಈಗ, ವ್ಯಾಕರಣವೂ ಸರಿಯಾಗಿ,
ಐ ಎಂದು ಶುರುವಾಗಿ ಮಿ ಎಂದು ಮುಗಿಯುವ ವಾಕ್ಯ.
ಎರಡೂ ಕೈ ಸೇರಿ ಒಂದು ಬೆರಳು ಉಳಿಯಿತು.

ಕನ್ನಡದಲ್ಲಿ ಅಂದು ನೋಡಿದೆ. ಎರಡೇ ಪದ:
ಬಿಟ್ಟಿದ್ದರೆ ಮುಗಿಸುತ್ತಿದ್ದೆ.

ಸೋಮಪಾಲ ಅಂದದ್ದೂ
ಸುಮಾರು ಅಷ್ಟೇ ಉದ್ದವಿತ್ತು.

ದೂರದಲ್ಲಿ ರಿಫೈನರಿಯ ಬೆಂಕಿ ಕಾಣಿಸಿತು.
ಗಡಿಯಾರ ಇನ್ನೂ ಚೀಲದಲ್ಲೇ ಇತ್ತು, ಕಟ್ಟಿಕೊಳ್ಳಲಿಲ್ಲ.
ನಾಲ್ಕೂ ನಲವತ್ತಕ್ಕೆ ಇನ್ನು ಏಳು ತಾಸು,
ಹೆಚ್ಚು ಕಡಿಮೆ.