ಹೆಸರಿನ ಮೇಲೆ ಅಂಗೈಯಗಲ ಜಾಗ

ನಲವತ್ತೆರಡು ಅಂಗುಲ ಎತ್ತರ, ಹದಿಮೂರು ಅಗಲ, ನಾಲ್ಕು ದಪ್ಪ.
ದಳಪತಿಗೂ ಅಷ್ಟೇ, ಅಡುಗೆಯವನಿಗೂ ಅಷ್ಟೇ.
ಜಾರ್ಜಿಯಾದ ಈ ತಗಡಿನ ಶೆಡ್ಡಿನಲ್ಲಿ
ಇಪ್ಪತ್ತಾರು ವರ್ಷದಿಂದ ಸತ್ತವರ ಹೆಸರು ಬರೆಯುತ್ತಿದ್ದೇನೆ.
ಉಳಿ ಸುತ್ತಿಗೆ ಅಪ್ಪನ ಕಾಲಕ್ಕೇ ಮುಗಿಯಿತು.
ಈಗ ರಬ್ಬರು ಹಾಳೆಯಲ್ಲಿ ಅಕ್ಷರ ಕತ್ತರಿಸಿ
ಅಮೃತಶಿಲೆಗೆ ಅಂಟಿಸಿ, ಮೂಗು ಬಾಯಿ ಮುಚ್ಚಿಕೊಂಡು
ಗಾಳಿಯಲ್ಲಿ ಮರಳು ಹೊಡೆಯುತ್ತೇವೆ.
ಮುಚ್ಚಿದ್ದು ಉಳಿಯುತ್ತದೆ,
ತೆರೆದದ್ದು ಸವೆಯುತ್ತದೆ.

ಹೆಸರಿನ ಮೇಲೆ ಅಂಗೈಯಗಲ ಜಾಗವಿದೆ.
ಅಲ್ಲಿಗೇನು ಎಂಬುದಕ್ಕೆ ಫಾರಮ್ಮಿನಲ್ಲಿ ಒಂದು ನಂಬರು.
ಶಿಲುಬೆಯೇ ಹತ್ತಾರು ಬಗೆ,
ದಾವೀದನ ನಕ್ಷತ್ರ, ಅರ್ಧಚಂದ್ರ, ಧರ್ಮಚಕ್ರ,
ಯಾವುದೂ ಬೇಡವೆಂದವನಿಗೆ ಗಿರಗಿರ ಸುತ್ತುವ ಪರಮಾಣು.
ದೇವರಿಲ್ಲ ಎನ್ನುವುದಕ್ಕೂ ನಮ್ಮಲ್ಲೊಂದು ಅಚ್ಚು.

ಕಾರ್ಲ್‌ಟನ್ ಪ್ರೂಯಿಟ್, ಸಾರ್ಜೆಂಟ್, ಟ್ರಕ್ ಪಡೆ.
ಅವನ ಫಾರಮ್ಮಿನಲ್ಲಿ ಮಾತ್ರ ನಂಬರಿನ ಜಾಗಕ್ಕೆ ಮೊಹರು:
ಮಂಜೂರಾದ ಪಟ್ಟಿಯಲ್ಲಿಲ್ಲ.
ಖಾಲಿ ಬಿಟ್ಟು ಕಳಿಸು ಅಂದರು. ಬಿಟ್ಟೆ.
ಖಾಲಿ ಬಿಡುವುದಕ್ಕೇನು, ಮರಳೂ ಖರ್ಚಿಲ್ಲ.

ಮೂರು ವಾರಕ್ಕೆ ಕಲ್ಲು ವಾಪಸು.
ಹೆಂಡತಿ ಇಳಿಸಿಕೊಳ್ಳಲಿಲ್ಲವಂತೆ.
ಡಕೋಟಾದ ಬಯಲಿನಿಂದ ಮಾರ್ಲಿಸ್ ಪ್ರೂಯಿಟ್,
ಮಗಳ ನೋಟುಬುಕ್ಕಿನ ಹಾಳೆ, ಪೆನ್ಸಿಲಿನ ಅಕ್ಷರ:

‘ಅವನು ಹುಣ್ಣಿಮೆಗೆ ಬೂಟಿನ ತುದಿಯಿಂದ ಮರಳಲ್ಲಿ ಸುತ್ತು ಗೆರೆ ಎಳೆದು
ನಡುವೆ ನಿಲ್ಲುತ್ತಿದ್ದ. ಯಾರಿಗೂ ಕೇಡು ಬಯಸಿದವನಲ್ಲ.
ಕೊರಳಿಗೆ ಕಟ್ಟಿದ ತಗಡಿನಲ್ಲಿ ರಕ್ತದ ಗುಂಪಿನ ಕೆಳಗೆ
ವಿಕ್ಕಾ ಎಂದು ಒತ್ತಿದವರು ನೀವೇ.
ಸಾಯಲು ಸಾಲುವ ಧರ್ಮ
ಹೂಳಲು ಸಾಲದೇ?’

ನೀವೇ ಅಂದಿದ್ದು ನನಗಲ್ಲ, ಸರಕಾರಕ್ಕೆ.
ಆದರೂ ಓದಿದವನು ನಾನೊಬ್ಬನೇ.

ಕಲ್ಲನ್ನು ಹಿಂದಿನ ಗೋಡೆಯ ಬಳಿ
ಎರಡು ಮರದ ತುಂಡಿನ ಮೇಲೆ ಮಲಗಿಸಿದೆವು.
ಒಂದು ವರ್ಷ. ಮೂರು ವರ್ಷ.
ಮೇಲೆ ಟೇಪು, ಕೈಗವಸು, ಊಟದ ಡಬ್ಬಿ.
ಅದು ಯಾವಾಗ ಮೇಜಾಯಿತೋ ನನಗೆ ನೆನಪಿಲ್ಲ.

ಪಾದ್ರಿ ಟಾಲ್ಬರ್ಟ್ ಒಮ್ಮೆ ಬಂದಿದ್ದಾಗ ಕೇಳಿದರು, ಹೇಳಿದೆ.
ಸೈತಾನನ ಗುರುತು ಕಣಪ್ಪಾ, ಮುಟ್ಟಬೇಡ ಅಂದರು.
ನಾನು ಬ್ಯಾಪ್ಟಿಸ್ಟ್, ವಾದಿಸುವವನಲ್ಲ.
ಭಾನುವಾರ ಕೊನೆಯ ಸಾಲಿನಲ್ಲಿ ನಿಂತು ಮಂದ್ರದಲ್ಲಿ ಹಾಡುವವನು.
ಆದರೆ ಅವತ್ತು ರಾತ್ರಿ ಅಪ್ಪನ ಪೆಟ್ಟಿಗೆಗೆ ಹೊದಿಸಿದ್ದ ಬಾವುಟ
ಬೀರುವಿನಿಂದ ತೆಗೆದು ಮಂಚದ ಮೇಲೆ ಹರವಿದೆ.
ಐದು ಮೊನೆಯ ಚುಕ್ಕಿ, ಐವತ್ತು.
ಸುತ್ತ ಗೆರೆಯಿಲ್ಲ, ಅಷ್ಟೇ ವ್ಯತ್ಯಾಸ.
ಮಡಿಸಲು ಒಬ್ಬನಿಗೇ ಆಗಲಿಲ್ಲ,
ಹೆಂಡತಿಯನ್ನು ಎಬ್ಬಿಸಿದೆ.

ಆರನೇ ವರ್ಷ, ಮಾರ್ಚಿನ ಒಂದು ಮಂಗಳವಾರ, ಫ್ಯಾಕ್ಸು ಬಂತು.
ಪಟ್ಟಿಯ ಕೊನೆಗೆ ಹೊಸ ನಂಬರು, ಪಕ್ಕಕ್ಕೊಂದು ಚಿತ್ರ.
ಕಾರಣ ಬರೆದಿರಲಿಲ್ಲ, ಕ್ಷಮೆಯನ್ನೂ.
ಡಬ್ಬಿ ತೆಗೆದೆ, ಕೈಗವಸು ತೆಗೆದೆ.
ಆ ಅಂಗೈಯಗಲ ಜಾಗದಲ್ಲಿ, ಸರಿಯಾಗಿ ನಡುಮಧ್ಯೆ,
ನನ್ನ ಕಾಫಿ ಲೋಟದ ದುಂಡನೆ ಕಲೆ.
ಆರು ವರ್ಷದ ಬೆಳಗುಗಳು ಒಂದರ ಮೇಲೊಂದು ಕೂತು
ಕಂದು ಬಳೆಯಾಗಿದ್ದವು.
ಸೋಪು ಹಾಕಿದೆ, ಸೋಡಾ ಹಾಕಿದೆ,
ಅಮೃತಶಿಲೆ ಕುಡಿದದ್ದನ್ನು ಕಕ್ಕುವುದಿಲ್ಲ.

ರಬ್ಬರು ಕತ್ತರಿಸಿದೆ.
ಕೈ ಎತ್ತದೆ ಒಂದೇ ಗೆರೆಯಲ್ಲಿ ಮುಗಿಯುತ್ತದೆ ಆ ನಕ್ಷತ್ರ,
ಹೊರಟಲ್ಲಿಗೇ ಬಂದು ಸೇರುತ್ತದೆ. ಆಮೇಲೆ ವೃತ್ತ.
ಕಲೆಯ ಮೇಲೇ ಕೂರಿಸಿದೆ, ಬೇರೆ ಜಾಗವೆಲ್ಲಿದೆ?
ಮುಖವಾಡ ಹಾಕಿಕೊಂಡು ಮರಳು ಬಿಟ್ಟೆ.
ಅವನು ಸತ್ತ ಊರಿನಲ್ಲೂ ಹೀಗೇ ಬೀಸುತ್ತದಂತೆ ಮರಳು.

ಕಲೆ ಬಹುಪಾಲು ಹೋಯಿತು.
ಎಡಗಡೆ, ವೃತ್ತದ ಹೊರಗೆ, ಉಗುರಿನಷ್ಟು ಉಳಿದಿದೆ.
ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ,
ಗೊತ್ತಿರುವವನು ನಾನು.
ಮಾರ್ಲಿಸ್‌ಗೆ ಬರೆಯಬೇಕೆಂದು ಹಾಳೆ ತೆಗೆದೆ,
ಹೆಸರು ಬರೆದೆ, ಅಲ್ಲಿಗೇ ನಿಂತಿತು.

ಟ್ರಕ್ಕು ಹೋದ ಮೇಲೆ ಮುಂದಿನ ಫಾರಮ್ಮು ಎತ್ತಿಕೊಂಡೆ.
ಶಿಲುಬೆ, ಒಂದನೇ ನಂಬರು.
ಕಾಫಿ ಲೋಟ ಇಡಲು ಜಾಗ ಹುಡುಕುತ್ತಾ
ಬಹಳ ಹೊತ್ತು ಕೈಯಲ್ಲೇ ಹಿಡಿದು ನಿಂತಿದ್ದೆ.