ನಲವತ್ತೇಳನೇ ಸೆಕೆಂಡು

ಬ್ಯಾಟರಿಗಳನ್ನು ಕಂಕುಳಲ್ಲಿ ಅವುಚಿಕೊಂಡು ಬಂದಿದ್ದೇನೆ,
ಒಂದೊಂದು ಪಕ್ಕಕ್ಕೆ ಎರಡೆರಡು,
ಕಾವಿಗೆ ಕೂತ ಕೋಳಿಯ ಹಾಗೆ.
ಸೊನ್ನೆಗಿಂತ ಹತ್ತೊಂಬತ್ತು ಕೆಳಗೆ. ಬೋತ್ನಿಯಾ ಕೊಲ್ಲಿ
ಹೆಪ್ಪುಗಟ್ಟಿ ಬಿದ್ದಿದೆ, ಹಡಗಿನ ದಾರಿಯೊಂದು ಮಾತ್ರ
ಹೊಲಿಗೆ ಬಿಟ್ಟ ಬಟ್ಟೆಯಂತೆ ಕಪ್ಪಗೆ.
ಬೆಳಕು ಸಿಗುವುದು ಹತ್ತರಿಂದ ಎರಡರ ತನಕ.
ಅಷ್ಟರಲ್ಲಿ ಈ ಕಾಗದದ ಕಾರ್ಖಾನೆಯನ್ನು
ಚಂದ ಮಾಡಿ ಮುಗಿಸಬೇಕು.

ಪೈವಿಕ್ಕಿಯ ಕೈಯಲ್ಲಿ ಪಟ್ಟಿ. ಪ್ರಚಾರ ವಿಭಾಗದವಳು,
ರೆಪ್ಪೆಯ ಮೇಲೆ ಮಂಜಿನ ಹರಳು, ಮಾತು ಬಲು ಮೆತ್ತಗೆ:
"ದಿಮ್ಮಿಗಳ ರಾಶಿ ಬೆಂಕಿಕಡ್ಡಿಯ ಥರ ಕಾಣಲಿ.
ಚಿಮಣಿಗೆ ಒಂದು ಸುತ್ತು, ನಿಧಾನ.
ಅದು ಹೊಗೆಯಲ್ಲ, ಹಬೆ. ದಯವಿಟ್ಟು ನೆನಪಿಡಿ.
ಜನ ಬೇಕಾದರೆ ಮೂವರು ಸಾಕು,
ಹೊಸ ಹೆಲ್ಮೆಟ್ಟಿನವರು. ನಡೆಯುತ್ತಿರಲಿ, ಎಲ್ಲಿಗಾದರೂ."

ಹಾರಿಸಿದೆ. ನೂರಿಪ್ಪತ್ತು ಮೀಟರ್.
ದೂರದ ಬೆಟ್ಟವಷ್ಟೇ ಅಲ್ಲ,
ಎತ್ತರದ ಕಣ್ಣಿಗೆ ಕಾರ್ಖಾನೆಯೂ ನುಣ್ಣಗೆ.
ತೊಗಟೆ ಸುಲಿಯುವ ಉರುಳೆಯ ಗುಡುಗು ಅಲ್ಲಿಗೆ ತಲುಪದು;
ತಲುಪಿದರೂ ನನ್ನ ಯಂತ್ರಕ್ಕೆ ಕೇಳುವುದು
ತನ್ನದೇ ಗುಂಯ್‌ಗುಡುವಿಕೆ. ಅದನ್ನೂ ಅಳಿಸಿ
ಆಮೇಲೆ ಪಿಯಾನೋ ಹಾಕುತ್ತಾರೆ.
ಮೂಗಂತೂ ಮೊದಲೇ ಇಲ್ಲ. ಕೊಳೆತ ಮೊಟ್ಟೆಯ ಈ ನಾತಕ್ಕೆ
ಊರಿನವರು ಇಟ್ಟ ಹೆಸರು ಸಂಬಳ.
ಗಾಳಿ ತಿರುಗಿದರೆ ಒಗೆದ ಬಟ್ಟೆ ಒಳಗೆ ತರುತ್ತಾರೆ,
ಬೈಯುವುದಿಲ್ಲ.

ಆಗ ಪರದೆಯ ಮೂಲೆಯಲ್ಲಿ ಒಂದು ಚುಕ್ಕಿ.
ಒಣಗಿಸುವ ಮನೆಯ ಚಾವಣಿಯಲ್ಲಿ, ಮೊಣಕಾಲುದ್ದ ಹಿಮದಲ್ಲಿ,
ಸೊಂಟಕ್ಕೆ ಕಿತ್ತಳೆ ಹಗ್ಗ, ಕೈಯಲ್ಲಿ ಸಲಿಕೆ.
"ಅಯ್ಯೋ, ಇಲ್ಮಾರಿ. ಹಿಮ ಎಳೆಯುವವ.
ಚೌಕಟ್ಟಿನಿಂದ ಆಚೆ ಹೋಗಲು ಹೇಳಿ."
ವಾಕಿಟಾಕಿ ಕರಕರ ಅಂದಿತು.
ಹಗ್ಗ ಬಿಚ್ಚಿ, ಇಳಿದು, ಮತ್ತೆ ಹತ್ತಲು
ಇಪ್ಪತ್ತು ನಿಮಿಷ ಬೇಕು ಅಂದ.
ನನ್ನ ಬ್ಯಾಟರಿಯಲ್ಲಿ ಏಳು. ಬಿಸಿಲಿನಲ್ಲಿ ಎಷ್ಟೋ.
ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಆಮೇಲೆ ಅವನೇ, "ಸರಿ, ನಾನಿಲ್ಲ ಅಂದುಕೊಳ್ಳಿ."

ಮಲಗಿದ. ಅಂಗಾತ.
ಯಾವುದೋ ಪೈಪಿಗೆ ಹೊದಿಸಿದ್ದ ಬಿಳಿ ತಾಡಪಾಲನ್ನು
ಕಾಲಿನಿಂದ ತಲೆಯವರೆಗೆ ಎಳೆದುಕೊಂಡ.
"ಅದ್ಭುತ!" ಅಂದಳು ಪೈವಿಕ್ಕಿ. ಅಂದವಳು ಯಾಕೋ
ಬಾಯಿಗೆ ಕೈಗವಸು ಒತ್ತಿಕೊಂಡಳು.
ಜನರ ಮೇಲೆ ಹಾರಿಸಬಾರದೆಂದು ಕಾನೂನಿದೆ.
ಜನ ಎಲ್ಲಿದ್ದಾರೆ?
ಹಾರಿಸಿದೆ. ಹನ್ನೊಂದು ಸೆಕೆಂಡು
ಬಿಳಿ, ಬಿಳಿ, ಎಲ್ಲೂ ಕಲೆಯಿಲ್ಲದ ಬಿಳಿ.

ಹಗ್ಗ ಮಾತ್ರ ಉಳಿದಿತ್ತು:
ಕಂಬದಿಂದ ಹೊರಟ ಕಿತ್ತಳೆ ಗೆರೆ
ಹಿಮದ ನಡುವೆ ಥಟ್ಟನೆ ನಿಂತದ್ದು.
ಕಂಪ್ಯೂಟರಿನಲ್ಲಿ ಅದನ್ನು ಒರೆಸುವುದು ಎರಡು ನಿಮಿಷದ ಕೆಲಸ.
ಒರೆಸಲು ಕೂತೆ, ಕಾಫಿ ಕಾಸಲು ಎದ್ದೆ,
ಮತ್ತೆ ಆ ಜಾಗಕ್ಕೆ ಬರಲಿಲ್ಲ.

ಮಾರ್ಚಿನಲ್ಲಿ ಕ್ಯಾಂಟೀನಿನ ಗೋಡೆಗೆ ಚಿತ್ರ ಬಿಟ್ಟರು.
ಗುರುವಾರ, ಬಟಾಣಿ ಸಾರಿನ ದಿನ.
ಪಿಯಾನೋ ಮೇಲೆ ಚಮಚಗಳ ಸದ್ದು.
ಎರಡು ನಿಮಿಷ ಹತ್ತು ಸೆಕೆಂಡಿನಲ್ಲಿ ಕಾರ್ಖಾನೆ
ಕಾಡಿನ ಬಂಧು, ನಾಳೆಯ ಬೆಳಕು, ಇನ್ನೂ ಏನೇನೋ ಆಯಿತು.
ಚಪ್ಪಾಳೆ ತಟ್ಟಿದರು, ಕೈಯಲ್ಲಿ ರೊಟ್ಟಿ ಇಲ್ಲದವರು.

ಇಲ್ಮಾರಿ ಎದ್ದು ಬಂದ.
"ಹಿಂದೆ ಹೋಗಿ. ಇನ್ನೂ. ನಲವತ್ತೇಳು. ನಿಲ್ಲಿಸಿ."
ಸಾಸಿವೆ ಮೆತ್ತಿದ ಬೆರಳನ್ನು ಗೋಡೆಗೆ ಊರಿ
"ಇದು ನಾನು" ಅಂದ.
"ಎಲ್ಲಿ?"
"ಈ ಉಬ್ಬು ನೋಡು, ಹೊಟ್ಟೆ. ಹಗ್ಗ ನೋಡು.
ಉಸಿರು ಬಿಗಿಹಿಡಿದಿದ್ದೆ ಕಣೋ,
ಹಬೆ ಕಂಡೀತು ಅಂತ."

ಚಿತ್ರ ಮುಂದಕ್ಕೆ ಓಡಿತು.
ಗೋಡೆಯ ಮೇಲೆ ಉಳಿದ ಸಾಸಿವೆಯ ಗುರುತು
ಚಿಮಣಿ, ದಿಮ್ಮಿ, ಕೊಲ್ಲಿ, ಕೊನೆಗೆ ಕಂಪನಿಯ ಹೆಸರು
ಎಲ್ಲದರ ಮೇಲೂ ಹಳದಿಯಾಗಿ.