ಸೈಡ್‌ವಿಂಗ್

ಮನಾಮಾದ ಗಲ್ಲಿಯಲ್ಲಿ ಕುಂಞಿಮೋನು
ಮುನ್ನೂರು ಫಿಲ್ಸಿಗೆ ಬಾಡಿಗೆ ಕೊಡುತ್ತಿದ್ದ
ನಮ್ಮ ನಾಟಕದ ಕ್ಯಾಸೆಟ್ಟು.
ಬೂಸ್ಟು ಹಿಡಿದ ಟೇಪು. ಕಿರೀಟದ ಮೇಲೆ ಗೆರೆ ಓಡುತ್ತಿದ್ದರೂ
ರಾಜನ ಮಾತಿಗೆ ಅರೆಗಳಿಗೆ ಮೊದಲು
ಪರದೆಯ ಬದಿಯಿಂದ ಒಂದು ಪಿಸುದನಿ.

ಅದು ನಾನು.
ಇಸ್ತ್ರಿಪೆಟ್ಟಿಗೆ ಹಿಡಿಯುವ ಮುಂಚೆ
ಪುಸ್ತಕ ಹಿಡಿದು ನಿಂತವನು.
ಹೆಸರು ಎಲ್ಲೂ ಬರಲಿಲ್ಲ;
ರೂಮಿನಲ್ಲಿ ಲಾದ್ರು ಒಬ್ಬ ನಂಬಿದ,
ಅದೂ ಸಾಲ ಕೇಳುವ ದಿನ.

ಈಗ ಡಿವಿಡಿ ಬಂದಿದೆ. ದನಿ ತೊಳೆದಿದ್ದಾರಂತೆ,
ನಾನು ತೋಬುಗಳ ಕಾಲರು ತೊಳೆದ ಹಾಗೆ:
ಕೆಮ್ಮಿಲ್ಲ, ಕುರ್ಚಿಯ ಕಿರುಗು ಇಲ್ಲ,
ನಾನೂ ಇಲ್ಲ.
ಎಲ್ಲ ಬಾಯಿಪಾಠ ಬಂದವನಂತೆ
ರಾಜ ಗರ್ಜಿಸುತ್ತಾನೆ.

ಮೂರನೆಯ ಅಂಕ. ಎಲ್ಲಿ ತಡವರಿಸುತ್ತಾನೆಂದು ನನಗೆ ಗೊತ್ತು.
ತುಟಿ ತಾನಾಗಿ ಅಲುಗಿತು.
“ಸುಮ್ಮನಿರು ಮಾರಾಯ,” ಅಂದ ಲಾದ್ರು,
“ಅವನೇ ಹೇಳಲಿ.”